ಸೂರ್ಯನ ಕಲೆ ಎಣಿಸಿದ ಆರು ವರ್ಷ

ತೆಪ್ಪಗೆ ಮನೆಯಲ್ಲಿ ಕೂತವರಿಗೆ ಇಂಥದ್ದೇನೂ ಆಗುವುದಿಲ್ಲ. ಇದೊಂದನ್ನು ಮಾಡಿಯೇ ತೀರುತ್ತೇನೆ ಎಂದು ಟೊಂಕ ಕಟ್ಟಿ ಹೊರಟವರಿಗೇ ದಿನಕ್ಕೊಂದು ತಮಾಷೆ ಗಂಟು ಬೀಳುವುದು. ನಾನು ಹೊರಟದ್ದು ಸೂರ್ಯನ ಹಿಂದೆ. ಹಾಗಾಗಿ ನನ್ನ ಫಜೀತಿಗಳೆಲ್ಲ ಹಾಡಹಗಲಲ್ಲೇ, ನಾಲ್ಕು ಜನರ ಕಣ್ಣ ಮುಂದೆಯೇ ಆದವು.

ತೊಂಬತ್ತೇಳನೇ ಇಸವಿ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಅತ್ತೆ. ನಲವತ್ತು ಹತ್ತಿರ ಬರುವಾಗ ನನಗೆ ಪಿಎಚ್‌ಡಿ ಹುಚ್ಚು ಹಿಡಿಯಿತು. ವಿಷಯ, ಸೂರ್ಯನ ಕಲೆಗಳು. ಸೂರ್ಯನ ಮೈಮೇಲೆ ಮಚ್ಚೆಯ ಹಾಗೆ ಕಾಣುವ ಇವು ಅವನ ಅಯಸ್ಕಾಂತ ಶಕ್ತಿ ಗಂಟುಗಟ್ಟಿಕೊಂಡ ಜಾಗಗಳು. ಕಲೆಯನ್ನು ನಮ್ಮ ತಾರಸಿಯ ಮೇಲಿನ ಪುಟ್ಟ ಟೆಲಿಸ್ಕೋಪಿನಲ್ಲೂ ಹಿಡಿಯಬಹುದು. ಆದರೆ ಅಲ್ಲಿನ ಅಯಸ್ಕಾಂತ ಎಷ್ಟು ಬಲದ್ದು ಎಂದು ತಿಳಿಯಬೇಕಾದರೆ ಯುರೋಪಿನವರೂ ಅಮೆರಿಕದವರೂ ಸೇರಿ ಹಾರಿಸಿದ್ದ ಒಂದು ಉಪಗ್ರಹದ ಚಿತ್ರ ಬೇಕು. ಅದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ ನಿಂತು ಸೂರ್ಯನನ್ನೇ ನೋಡುತ್ತಿತ್ತು. ನನ್ನ ಚಿತ್ರ, ಅದರ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ಕಲೆ ಬೆಳೆದಂತೆ ಅಯಸ್ಕಾಂತ ಹೇಗೆ ಬದಲಾಗುತ್ತದೆ ಎಂದು ತೋರಿಸುವುದು ನನ್ನ ಕೆಲಸ.

ಗೈಡ್ ಸರ್ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು: "ವರ್ಷಕ್ಕೆ ಇನ್ನೂರು ದಿನದ ಚಿತ್ರ ಬೇಕಮ್ಮ. ಆರು ವರ್ಷದೊಳಗೆ ಎಲ್ಲಾ ಮುಗೀಬೇಕು. ಮುಗೀಲಿಲ್ಲ ಅಂದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್. ಆಮೇಲೆ ನನ್ನ ಹತ್ರ ಅಳ್ತಾ ಬರ್ಬೇಡಿ."

ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು ಇದನ್ನು ಕೇಳಿ, "ಯಾಕೆ ಮೇಡಂ ಈ ವಯಸ್ಸಲ್ಲಿ? ಮಗಳನ್ನ ಓದಿಸೋ ಕಾಲದಲ್ಲಿ ನೀವು ಓದ್ತೀನಿ ಅಂತೀರಲ್ಲ" ಎಂದು ನಕ್ಕರು. ನನಗೆ ಮಗಳೇ ಇರಲಿಲ್ಲ. ಆದರೂ ಸಿಟ್ಟು ನೆತ್ತಿಗೇರಿತು. ಇವರ ಬಾಯಲ್ಲಿ ಡಾಕ್ಟರ್ ಅನ್ನಿಸಿಕೊಂಡೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

೧. ಅಕ್ಕಪಕ್ಕ ಸಮ

ಸೂರ್ಯನ ಚಿತ್ರ ಬರೆಯುವುದು ಕಷ್ಟದ ಕೆಲಸವಲ್ಲ. ಟೆಲಿಸ್ಕೋಪಿಗೆ ಕಣ್ಣಿಡಲೇಬಾರದು, ಕಣ್ಣು ಹೋಗುತ್ತದೆ. ಅದರ ಹಿಂದೆ ಒಂದು ಬಿಳಿ ಹಾಳೆ ಇಟ್ಟರೆ ಸೂರ್ಯನ ಬಿಂಬ ತಟ್ಟೆಯಗಲ ಬೀಳುತ್ತದೆ. ಕಲೆ ಬಿದ್ದ ಕಡೆ ಪೆನ್ಸಿಲಿನಲ್ಲಿ ತಿದ್ದಿದರೆ ಆಯಿತು. ಬೆಳಿಗ್ಗೆ ಬಸ್ ಹಿಡಿಯುವ ಮುಂಚೆ ನಾನು ದಿನಾ ಮಾಡುತ್ತಿದ್ದದ್ದು ಇಷ್ಟೆ.

ತೊಂದರೆ ಇದ್ದದ್ದು ಜಾಗದ್ದು. ತಾರಸಿ ಅತ್ತೆಯ ಸಂಡಿಗೆ ಹಪ್ಪಳದ ಸಾಮ್ರಾಜ್ಯ. "ಬಿಸಿಲು ಇಬ್ಬರಿಗೂ ಬೇಕು ಕಣೇ. ನಿನ್ನ ಕೊಳವೆ ನೆರಳು ನನ್ನ ಸಂಡಿಗೆ ಮೇಲೆ ಬೀಳ್ಬಾರ್ದು" ಎಂದು ಸೀಮೆಸುಣ್ಣದಲ್ಲಿ ಗಡಿ ಎಳೆದಿದ್ದರು.

ಮಾರ್ಚಿನಲ್ಲಿ ನನಗೆ ಒಂದು ವಾರ ಬೆಳಗಿನ ಪರೀಕ್ಷೆ ಡ್ಯೂಟಿ ಬಿತ್ತು. ಯಜಮಾನರಿಗೆ ಫಸ್ಟ್ ಶಿಫ್ಟು. ಏಳು ದಿನದ ಚಿತ್ರ ಹೋದರೆ ನನ್ನ ಲೆಕ್ಕ ತಪ್ಪುತ್ತದೆ. ಬೇರೆ ದಾರಿಯಿಲ್ಲದೆ ಅತ್ತೆಯನ್ನೇ ಕೇಳಿದೆ. ಊರಲ್ಲೇ ಒಳ್ಳೆಯ ರಂಗೋಲಿ ಕೈ ಅವರದು.

"ಸೂರ್ಯಪ್ಪನ ಪಟ ಬರೆಯೋದು ತಾನೆ? ಕೊಡು ಇಲ್ಲಿ" ಎಂದರು.

ವಾರ ಕಳೆದು ನೋಡಿದರೆ ಏಳು ಚಿತ್ರಗಳು ಕಣ್ಣಿಗೆ ಒತ್ತಿಕೊಳ್ಳುವ ಹಾಗಿದ್ದವು. ವೃತ್ತ ಎಂದರೆ ವೃತ್ತ, ಕಲೆ ಎಂದರೆ ಕಲೆ. ನಾನು ಕುಣಿಯುವುದೊಂದು ಬಾಕಿ. ಎರಡನೇ ಸಲ ನೋಡಿದಾಗ ಗೊತ್ತಾಯಿತು. ಎಡಗಡೆ ಮೂರು ಕಲೆ ಇದ್ದರೆ ಬಲಗಡೆಯೂ ಮೂರು. ಮೇಲೆ ಎರಡಿದ್ದರೆ ಕೆಳಗೂ ಎರಡು.

"ಅತ್ತೆ, ಇಷ್ಟೊಂದು ಕಲೆ ನಿಜವಾಗ್ಲೂ ಇದ್ವಾ?"

"ಒಂದು ಕಡೆ ಇದ್ವು. ಇನ್ನೊಂದು ಕಡೆ ಬೋಳು. ಬಾಗ್ಲು ಮುಂದೆ ಅಂಥ ರಂಗೋಲಿ ಹಾಕಿದ್ರೆ ನೋಡಿದೋರು ಏನಂತಾರೆ ಮಾರಾಯ್ತಿ? ಅದಕ್ಕೇ ಈ ಕಡೆನೂ ಇಟ್ಟೆ."

"ಇದ್ದ ಹಾಗೇ ಬರೀಬೇಕಿತ್ತು ಅತ್ತೆ."

"ಇದ್ದ ಹಾಗೇ ಬರೆಯೋಕೆ ನನ್ನ ಕೈ ಯಾಕೆ ಬೇಕಿತ್ತು ನಿಂಗೆ?"

ಆದರೆ ನಾಲ್ಕನೇ ದಿನದ ಚಿತ್ರದಲ್ಲಿ ಮಾತ್ರ ಕಲೆಗಳು ಒಂದೇ ಬದಿಗಿದ್ದವು. ಇದೇನು ಎಂದು ಕೇಳಿದೆ. "ಅವತ್ತು ಕರೆಂಟ್ ಮೀಟರ್ ನೋಡೋನು ಬಂದ. ಆಚೆ ಬದಿ ಬರೆಯೋಕೆ ಪುರುಸೊತ್ತಾಗ್ಲಿಲ್ಲ" ಎಂದರು, ಸ್ವಲ್ಪ ನಾಚಿಕೊಂಡು. ಆ ವಾರದ ಚಿತ್ರ ನನ್ನ ಪ್ರಬಂಧದಲ್ಲಿ ಒಂದೇ ಒಂದು ಇದೆ. ಅದಕ್ಕೆ ನಾನು ಋಣಿಯಾಗಿರುವುದು ಆ ಮೀಟರ್ ನೋಡುವವನಿಗೆ.

೨. ತಣ್ಣಗಾದ ಫರ್ನೇಸು

ತೊಂಬತ್ತೆಂಟರ ಮಳೆಗಾಲಕ್ಕೆ ನನ್ನ ಎದೆಯೊಡೆಯುವ ಸುದ್ದಿ ಬಂತು. ಜೂನ್ ತಿಂಗಳ ಕೊನೆಗೆ ಆ ಉಪಗ್ರಹದ ಸಂಪರ್ಕವೇ ತಪ್ಪಿಹೋಯಿತು. ಸೂರ್ಯನ ಕಡೆಗಿದ್ದ ಮುಖ ಅತ್ತ ತಿರುಗಿತಂತೆ, ಕರೆಂಟು ಹೋಯಿತಂತೆ, ಒಳಗಿನ ಇಂಧನ ಹೆಪ್ಪುಗಟ್ಟಿತಂತೆ. ಇತ್ತ ಭದ್ರಾವತಿಯಲ್ಲೂ ಮೋಡ ಕವಿದು ಸೂರ್ಯ ನಾಪತ್ತೆ. ಉಪಗ್ರಹಕ್ಕೂ ನನಗೂ ಒಟ್ಟಿಗೇ ಕಣ್ಣು ಕಟ್ಟಿತು. ನನ್ನ ಪಿಎಚ್‌ಡಿ ಮುಗಿಯಿತು ಎಂದು ಅಡಿಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ.

ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಫೋರ್‌ಮನ್ ಇದ್ದರು. ತಮಿಳಿನವರು, ಮೂವತ್ತು ವರ್ಷ ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆ ನಿಂತವರು. ಸೂರ್ಯನ ಕಲೆಯನ್ನು ನಾನು ಮೊದಲ ಸಲ ತೋರಿಸಿದಾಗ, "ಇದು ಕಿಟ್ಟ ಟೀಚರಮ್ಮ. ಕರಗಿದ ಕಬ್ಬಿಣದ ಮೇಲೆ ತೇಲುತ್ತಲ್ಲ, ಅದೇ. ಯಾರಾದ್ರೂ ತೆಗೀಬೇಕು" ಎಂದವರು. ಉಪಗ್ರಹ ತಣ್ಣಗಾಗಿದೆ ಎಂದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ತಣ್ಣಗಾದ ಫರ್ನೇಸ್ ಎಬ್ಬಿಸೋದು ನಂಗೆ ಗೊತ್ತಮ್ಮ. ಎರಡು ಸಲ ಎಬ್ಬಿಸಿದೀನಿ. ಪೇಪರ್ ತಗೋ, ಅವರಿಗೆ ಕಾಗದ ಬರಿ."

"ಯಾರಿಗೆ?"

"ಆ ಫಾರಿನ್‌ನೋರಿಗೆ. ಒಂದೇ ಸಲ ಬಿಸಿ ಕೊಡ್ಬೇಡಿ ಅಂತ ಬರಿ. ಮೊದ್ಲು ತೊಟ್ಟಿ ಬಿಸಿ ಮಾಡ್ಲಿ. ಆಮೇಲೆ ಪೈಪು. ಸ್ವಲ್ಪ ಸ್ವಲ್ಪ. ಅವಸರ ಮಾಡಿದ್ರೆ ಪೈಪು ಒಡೆದು ಹೋಗುತ್ತೆ. ಶಿಫ್ಟ್ ಇನ್‌ಚಾರ್ಜ್‌ಗೆ ನಿದ್ದೆ ಮಾಡೋಕೆ ಬಿಡ್ಬೇಡಿ ಅಂತಾನೂ ಬರಿ."

ಹಿರಿಯರು, ಇಲ್ಲ ಎನ್ನಲಾಗಲಿಲ್ಲ. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಕೆಳಗೆ ಅವರು ದೊಡ್ಡದಾಗಿ ಸಹಿ ಹಾಕಿ, ಕಾರ್ಖಾನೆಯ ತಮ್ಮ ಹಳೆಯ ಟೋಕನ್ ನಂಬರನ್ನೂ ಬರೆದರು. ವಿಳಾಸ ಹುಡುಕಿ ಪೋಸ್ಟ್ ಮಾಡುತ್ತೇನೆಂದು ಹೇಳಿ ಬ್ಯಾಗಿಗೆ ಹಾಕಿಕೊಂಡೆ. ಪೋಸ್ಟ್ ಮಾಡಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿಗಳು ನ್ಯೂ ಟೌನಿನ ಕಾಗದ ನೋಡಿ ನಕ್ಕಾರು ಎಂಬ ಸಣ್ಣ ಬುದ್ಧಿ ನನಗೆ.

ದಸರಾ ಹೊತ್ತಿಗೆ ಪೇಪರಿನಲ್ಲಿ ಬಂತು, ಉಪಗ್ರಹ ಮತ್ತೆ ಎದ್ದಿದೆ! ಮೊದಲು ಇಂಧನದ ತೊಟ್ಟಿಯನ್ನು ನಿಧಾನವಾಗಿ ಬಿಸಿ ಮಾಡಿದರಂತೆ. ಆಮೇಲೆ ಪೈಪುಗಳನ್ನು. ಸ್ವಲ್ಪ ಸ್ವಲ್ಪವಾಗಿ. ಬ್ಯಾಗಿನಲ್ಲೇ ಉಳಿದಿದ್ದ ಆ ಕಾಗದವನ್ನು ತೆಗೆದು ಇನ್ನೊಮ್ಮೆ ಓದಿದೆ.

ಫೋರ್‌ಮನ್ನರು ಪೇಪರ್ ಹಿಡಿದು ಇಡೀ ಬೀದಿ ಸುತ್ತಿದರು. "ನೋಡಿ, ಕಾಗದ ತಲುಪಿದೆ!" ಕಟಿಂಗ್ ಅಂಗಡಿಯಲ್ಲಿ, ರೇಷನ್ ಅಂಗಡಿಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಎಲ್ಲ ಕಡೆ ಅದೇ ಮಾತು. ನನ್ನನ್ನು ಕಂಡಾಗ ಮಾತ್ರ ಸ್ವಲ್ಪ ಬೇಸರದಿಂದ, "ಒಂದು ಥ್ಯಾಂಕ್ಸ್ ಆದ್ರೂ ಬರೀಬಹುದಿತ್ತು ಅಲ್ವಾ ಟೀಚರಮ್ಮ, ಅವರು?" ಎನ್ನುತ್ತಿದ್ದರು. ಕೊನೆಗೆ ನಾನೇ, ಆ ವಿಜ್ಞಾನಿಗಳು ಬರೆದ ಹಾಗೆ, ಒಂದು ಥ್ಯಾಂಕ್ಸ್ ಕಾಗದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಪಕ್ಕದ ಮನೆಗೆ ಪೋಸ್ಟ್ ಮಾಡಿದೆ. ಅದನ್ನು ಫೋರ್‌ಮನ್ನರು ಕವರಿನ ಸಮೇತ ಫ್ರೇಮ್ ಹಾಕಿಸಿದರು. ಕವರಿನ ಮೇಲೆ ಭದ್ರಾವತಿಯ ಪೋಸ್ಟಿನ ಮುದ್ರೆ ಯಾಕಿದೆ ಎಂದು ಈವರೆಗೆ ಯಾರೂ ಕೇಳಿಲ್ಲ.

೩. ಕಾಂಪೌಂಡಿನೊಳಗಿನ ಬಿಸಿಲು

ಆ ವರ್ಷ ನನ್ನ ಲೆಕ್ಕ ಇನ್ನೂರು ಮುಟ್ಟಲಿಲ್ಲ. ಗೈಡ್ ಸರ್ ಹುಬ್ಬು ಗಂಟಿಕ್ಕಿ, "ಇನ್ನೊಂದು ವರ್ಷ ಹೀಗಾದ್ರೆ ನಾನು ಸಹಿ ಹಾಕಲ್ಲ" ಎಂದರು. ಮುಂದಿನ ಮಳೆಗಾಲ ಬಂದಾಗ ನಾನು ಸೂರ್ಯನಿಗೆ ಕಾಯುತ್ತಾ ಕೂರಲಿಲ್ಲ, ಹುಡುಕಿಕೊಂಡು ಹೊರಟೆ. ನಮ್ಮ ಬಸ್ಸಿನ ಕಂಡಕ್ಟರ್ ಬೇರೆ ಬೇರೆ ರೂಟಿನವರನ್ನು ವಿಚಾರಿಸಿ ನನಗೆ ವರದಿ ಒಪ್ಪಿಸುತ್ತಿದ್ದ: "ಮೇಡಂ, ಹೊಳೆಹೊನ್ನೂರು ಕಡೆ ಈಗ ತಾನೆ ಬಿಸ್ಲು ಬಿತ್ತಂತೆ."

ಒಂದು ಭಾನುವಾರ ಅವನೇ ಫೋನ್ ಮಾಡಿದ. "ಗಾಜನೂರು ಕಡೆ ಫಸ್ಟ್‌ಕ್ಲಾಸ್ ಬಿಸ್ಲು ಮೇಡಂ, ಬೇಗ ಬನ್ನಿ." ಯಜಮಾನರ ಸ್ಕೂಟರ್ ಹಿಂದೆ ಟೆಲಿಸ್ಕೋಪನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತೆ. ಅಲ್ಲಿಗೆ ಹೋಗುವಷ್ಟರಲ್ಲಿ ರಸ್ತೆಯ ಮೇಲೆಲ್ಲ ಮೋಡದ ನೆರಳು. ಬಿಸಿಲು ಉಳಿದಿದ್ದದ್ದು ರಸ್ತೆ ಪಕ್ಕದ ಒಂದು ಬಂಗಲೆಯ ಕಾಂಪೌಂಡಿನಲ್ಲಿ ಮಾತ್ರ. ಗೇಟಿಗೆ ಬೀಗ ಇರಲಿಲ್ಲ. ಒಳಗೆ ನುಗ್ಗಿ ಟೆಲಿಸ್ಕೋಪ್ ನಿಲ್ಲಿಸಿದೆವು.

ವಾಚ್‌ಮನ್ ಓಡಿ ಬಂದ. "ಏಯ್, ಏನದು? ಇಲ್ಲಿ ಫೋಟೋ ಗೀಟೋ ತೆಗೆಯೋ ಹಾಗಿಲ್ಲ."

"ಬಂಗಲೆದಲ್ಲಪ್ಪ, ಸೂರ್ಯನ ಚಿತ್ರ."

"ಯಾರದಾದ್ರೂ ಸರಿ. ಪರ್ಮಿಷನ್ ಬೇಕು."

"ಸೂರ್ಯ ಏನು ನಿಮ್ಮ ಕಾಂಪೌಂಡ್ ಒಳಗಿದಾನಾ?" ಎಂದು ನಾನು ರೇಗಿದೆ.

ಅವನು ತಣ್ಣಗೆ ಕೇಳಿದ: "ಒಳಗಿಲ್ಲ ಅಂದ್ರೆ ನೀವ್ಯಾಕೆ ಒಳಗೆ ಬಂದ್ರಿ ಮೇಡಂ?"

ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿ, ಊರು ಮನೆ ವಿಚಾರಿಸಿ, ಎಲೆಅಡಿಕೆ ಕೊಟ್ಟು, ಬಂಗಲೆ ಎಷ್ಟು ಹಳೆಯದು ಎಂದು ಕೇಳುತ್ತಾ ಹಿಂಬದಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ನಾನು ಗಡಿಬಿಡಿಯಿಂದ ಐದು ಕಲೆ ಬರೆದು ಮುಗಿಸಿದೆ. ಮರುಕ್ಷಣ ಮೋಡ ಮುಚ್ಚಿತು.

ವಾಪಸ್ ಬಂದ ವಾಚ್‌ಮನ್ ಆಕಾಶ ನೋಡಿ, ನನ್ನನ್ನು ನೋಡಿ, ಭಾರಿ ಗತ್ತಿನಿಂದ ಹೇಳಿದ: "ನೋಡಿದ್ರಾ? ನಾನು ಬಿಡಲ್ಲ ಅಂದ್ರೆ ಬಿಡಲ್ಲ."

೪. ಮುಖದ ಮೇಲಿನ ಕಲೆ

ಮೊದಲೆಲ್ಲ ಉಪಗ್ರಹದ ಚಿತ್ರಗಳನ್ನು ಗೈಡ್ ಸರ್ ಬೆಂಗಳೂರಿನಿಂದ ತರಿಸಿಕೊಡುತ್ತಿದ್ದರು. ಎರಡು ಸಾವಿರದ ಇಸವಿಗೆ ಶಿವಮೊಗ್ಗದಲ್ಲೇ ಇಂಟರ್ನೆಟ್ ಬಂತು. ಒಬ್ಬ ಫೋಟೋ ಸ್ಟುಡಿಯೋದವರು ತಮ್ಮ ಅಂಗಡಿಯ ಅರ್ಧಕ್ಕೆ ಹಲಗೆ ಹೊಡೆಸಿ ನಾಲ್ಕು ಕಂಪ್ಯೂಟರ್ ಇಟ್ಟರು. ಕಾಲೇಜು ಬಿಟ್ಟ ಕೂಡಲೇ ನಾನು ಅಲ್ಲಿ ಹಾಜರ್.

ಆ ಕಾಲದ ಇಂಟರ್ನೆಟ್ಟು! ಸೂರ್ಯ ನೆತ್ತಿಯಿಂದ ಶುರುವಾಗಿ ಗೆರೆ ಗೆರೆಯಾಗಿ ಇಳಿಯುತ್ತಿದ್ದ. ಸೊಂಟಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಒಂದಿಡೀ ತಿಂಗಳು ನಾನು ಸೂರ್ಯನ ಉತ್ತರಾರ್ಧದಲ್ಲಿ ಮಾತ್ರ ಪಂಡಿತೆಯಾಗಿದ್ದೆ. ನನ್ನ ಪಾಡು ನೋಡಿ ಸ್ಟುಡಿಯೋದವರೇ ಒಂದು ದಾರಿ ಹೇಳಿದರು. "ನೀವ್ಯಾಕೆ ಕಾಯ್ತೀರಿ ಮೇಡಂ? ಬೆಳಿಗ್ಗೆ ಲೈನ್ ಫ್ರೀ ಇರುತ್ತೆ. ನಾನೇ ತೆಗೆದು ಪ್ರಿಂಟ್ ಹಾಕಿಡ್ತೀನಿ. ತಿಂಗಳಿಗೊಂದ್ಸಲ ತಗೊಂಡ್ ಹೋಗಿ."

ದೇವರ ಹಾಗೆ ಬಂದರು ಎಂದುಕೊಂಡೆ. ತಿಂಗಳ ಕಟ್ಟನ್ನು ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಸೂರ್ಯ ತೊಳೆದಿಟ್ಟ ಬೆಳ್ಳಿ ತಟ್ಟೆಯಂತಿದ್ದಾನೆ! ಒಂದು ಕಲೆ ಇಲ್ಲ, ಅಯಸ್ಕಾಂತದ ಒಂದು ತೇಪೆ ಇಲ್ಲ. ಅದೇ ದಿನಗಳ ನನ್ನ ತಾರಸಿ ಚಿತ್ರದಲ್ಲಿ ಹತ್ತು ಹನ್ನೆರಡು ಕಲೆ. ಗೈಡ್ ಸರ್ ಹತ್ತಿರ ಓಡಿದೆ. ಅವರ ಮುಖವೂ ಬಿಳಿಚಿತು.

"ಈ ವರ್ಷ ಕಲೆ ಜಾಸ್ತಿ ಇರ್ಬೇಕಮ್ಮ. ಒಂದೂ ಇಲ್ಲ ಅಂದ್ರೆ, ಒಂದೋ ಸೂರ್ಯನಿಗೆ ಏನೋ ಆಗಿದೆ, ಇಲ್ಲಾ ನೀವು ಮೂರು ವರ್ಷದಿಂದ ಬರೆದಿದ್ದೆಲ್ಲಾ ಸುಳ್ಳು."

ಸೂರ್ಯನಿಗೆ ಏನಾದರೂ ಆಗಿರಲಪ್ಪಾ ಎಂದು ಬೇಡಿಕೊಂಡೆ. ಸ್ವಾರ್ಥ ಎಂದರೆ ಅದು. ಅಲ್ಲಿಂದ ನೇರ ಸ್ಟುಡಿಯೋಗೆ ಬಂದೆ.

"ಈ ಚಿತ್ರದಲ್ಲಿ ಕಪ್ಪು ಬಿಳಿ ಕಲೆ ಏನೂ ಇರ್ಲಿಲ್ವಾ?"

"ಇರ್ಲಿಲ್ವಾ ಅಂತೀರಾ? ಮೈತುಂಬಾ ಇದ್ವು ಮೇಡಂ!" ಅವರ ಮುಖ ಅರಳಿತು. "ಒಂದೊಂದಕ್ಕೂ ಅರ್ಧ ಗಂಟೆ ಕೂತು ತೆಗ್ದಿದೀನಿ. ಹೆಣ್ಣಿನ ಫೋಟೋ, ಗಂಡಿನ ಫೋಟೋ ಅಂತ ಎಷ್ಟು ಮುಖದ ಕಲೆ ತೆಗ್ದಿಲ್ಲ ಈ ಕೈ! ಯಾವ ಪಾರ್ಟಿಗೂ ಹಾಗೇ ಕೊಟ್ಟು ಅಭ್ಯಾಸ ಇಲ್ಲ ನಂಗೆ."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದೆ. ನನಗೆ ಬೇಕಾದದ್ದೇ ಆ ಕಲೆ, ಅದಿಲ್ಲದಿದ್ದರೆ ನನ್ನ ಇಷ್ಟು ವರ್ಷದ ಕಷ್ಟ ನೀರುಪಾಲು ಎಂದು ಹೇಳಿದೆ. ಪಾಪ, ಅವರೂ ಪೆಚ್ಚಾದರು. ಎರಡು ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ಕೂತು ಅಷ್ಟೂ ಚಿತ್ರಗಳನ್ನು ಹೊಸದಾಗಿ ಪ್ರಿಂಟ್ ಮಾಡಿದರು. ಕಟ್ಟು ಕೈಗೆ ಕೊಡುವಾಗ ಮಾತ್ರ ತಡೆಯಲಾಗಲಿಲ್ಲ ಅವರಿಗೆ. ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

"ನೀವು ಕೇಳಿದ ಹಾಗೇ ಕೊಟ್ಟಿದೀನಿ ಮೇಡಂ. ಆದ್ರೂ ಒಂದು ಕ್ಲೀನ್ ಕಾಪಿ ಕೆಳಗಿಟ್ಟಿದೀನಿ. ಹೊರಗಿನೋರಿಗೆ ಅದನ್ನೇ ತೋರ್ಸಿ."

೫. ಕೊನೆಯ ಪ್ರಶ್ನೆ

ಅಂತೂ ಇಂತೂ ಪ್ರಬಂಧ ಒಪ್ಪಿಸಿದೆ. ಉಳಿದದ್ದು ವೈವಾ. ಹೊರರಾಜ್ಯದ ಒಬ್ಬ ಹಿರಿಯ ಪರೀಕ್ಷಕರು ಬಂದು, ಎಲ್ಲರೆದುರು ಪ್ರಶ್ನೆ ಕೇಳಿ, ಒಪ್ಪಿದರೆ ಡಾಕ್ಟರ್. ದಿನ ಗೊತ್ತಾದದ್ದು ಎರಡು ಸಾವಿರದ ಮೂರರ ದೀಪಾವಳಿ ಮುಗಿದ ವಾರ. ಆ ತಿಂಗಳ ಕೊನೆಗೆ ನನ್ನ ಆರು ವರ್ಷದ ಗಡುವು. ಯೂನಿವರ್ಸಿಟಿ ಕಚೇರಿಯ ಗುಮಾಸ್ತರು ಮೊದಲೇ ಎಚ್ಚರಿಸಿದ್ದರು: "ಅಷ್ಟರೊಳಗೆ ವೈವಾ ರಿಪೋರ್ಟ್ ಬರ್ಲಿಲ್ಲ ಅಂದ್ರೆ ಫೈಲ್ ಕ್ಲೋಸ್ ಮೇಡಂ. ನನ್ನ ಕೈಲಿ ಏನೂ ಇಲ್ಲ."

ವಿಭಾಗದಲ್ಲಿ ಸಡಗರವೋ ಸಡಗರ. ಮುಖ್ಯಸ್ಥರು ಬೆಳಿಗ್ಗೆಯೇ ಅಟೆಂಡರನ್ನು ಕರೆದು, "ನೋಡು, ಎಕ್ಸ್‌ಟರ್ನಲ್ ಎದುರಿಗೆ ಆ ಗೋಡೆ ಮೇಲೆ ಒಂದು ಕಲೆ ಕಂಡ್ರೂ ನಿಂಗೆ ಮೆಮೊ ಕೊಡ್ತೀನಿ" ಎಂದು ಗದರಿಸಿದ್ದರಂತೆ. ಪಾಪ, ಅವನು ಗೋಡೆಯನ್ನು ಉಜ್ಜಿ ಉಜ್ಜಿ ಫಳಫಳ ಮಾಡಿ, ಎಲ್ಲರಿಗೂ ಚಹಾ ತರಲು ಹೋಗಿದ್ದ.

ನಾನು ಎದ್ದು ನಿಂತು ಪ್ರೊಜೆಕ್ಟರಿನ ಮೇಲೆ ಮೊದಲ ಚಿತ್ರ ಇಟ್ಟೆ. ಕರೆಂಟು ಹೋಯಿತು. ಹತ್ತು ನಿಮಿಷ ಕಾದೆವು. ಅರ್ಧ ಗಂಟೆ ಕಾದೆವು. ಪರೀಕ್ಷಕರು ಗಡಿಯಾರ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ಸಂಜೆ ನನಗೆ ರೈಲಿದೆ. ಚಿತ್ರ ನೋಡದೆ ನಾನು ವರದಿ ಬರೆಯುವುದಿಲ್ಲ. ಇನ್ನೊಂದು ದಿನ ಇಟ್ಟುಕೊಳ್ಳೋಣ."

ಇನ್ನೊಂದು ದಿನ ಎಂದರೆ ಮುಂದಿನ ತಿಂಗಳು. ಮುಂದಿನ ತಿಂಗಳು ಎಂದರೆ ಫೈಲ್ ಕ್ಲೋಸ್. ಆರು ವರ್ಷ ಕಣ್ಣ ಮುಂದೆ ಬಂದು ಹೋಯಿತು. ಆಗುವುದಿಲ್ಲ ಎಂದು ಒಳಗಿನಿಂದ ಯಾರೋ ಕೂಗಿದ ಹಾಗಾಯಿತು.

"ಸರ್, ಐದು ನಿಮಿಷ ಕೊಡಿ. ಚಿತ್ರ ಯಾಕೆ, ಸೂರ್ಯನನ್ನೇ ತರ್ತೀನಿ" ಎಂದೆ.

ಆ ವಾರ ಸೂರ್ಯನ ಮೇಲೆ ನಾನು ಆರು ವರ್ಷದಲ್ಲಿ ಕಾಣದಷ್ಟು ದೊಡ್ಡ ಕಲೆಗಳು ಎದ್ದಿದ್ದವು. ನನ್ನ ಪರ್ಸಿನಲ್ಲಿ ಕುಂಕುಮ ಇಟ್ಟುಕೊಳ್ಳುವ ಪುಟ್ಟ ಕನ್ನಡಿ ಇತ್ತು. ಅದರ ಮೇಲೆ ಕಾಗದ ಅಂಟಿಸಿ, ನಡುವೆ ಬಟಾಣಿಯಷ್ಟು ತೂತು ಮಾಡಿದೆ. ಹೊರಗಿನ ಜಗುಲಿಯ ಬಿಸಿಲಿನಲ್ಲಿ ಪುಸ್ತಕದ ಕಟ್ಟಿಗೆ ಅದನ್ನು ಒರಗಿಸಿ, ವೈವಾ ನೋಡಲು ಬಂದಿದ್ದ ಯಜಮಾನರನ್ನು ಪಕ್ಕದಲ್ಲಿ ಕೂರಿಸಿ, "ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ರೀ" ಎಂದು ಹೇಳಿ ಒಳಗೆ ಓಡಿದೆ. ಕನ್ನಡಿಯ ಬೆಳಕು ಬರಲು ಜಗುಲಿ ಕಡೆಯ ಒಂದು ಕಿಟಕಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಸಿದೆ. ಆ ಉದ್ದನೆಯ ಹಾಲಿನ ಕತ್ತಲೆಯಲ್ಲಿ, ಎದುರು ಗೋಡೆಯ ಮೇಲೆ ಸೂರ್ಯ ಊಟದ ತಟ್ಟೆಯಗಲ ಬಂದು ಕೂತ. ಅವನ ಮೈಮೇಲೆ ಎರಡು ಕಪ್ಪು ಕಲೆಗಳು ಸ್ಪಷ್ಟವಾಗಿ ಕಂಡವು. ಪರೀಕ್ಷಕರು ಕುರ್ಚಿಯಿಂದ ಅರ್ಧ ಎದ್ದರು. ನಾನು ಉಪಗ್ರಹದ ಚಿತ್ರದ ಕಾಗದವನ್ನು ಅವರ ಕೈಗೆ ಕೊಟ್ಟು ವಿವರಿಸಲು ಶುರು ಮಾಡಿದೆ. ಒಂದರ ಹಿಂದೊಂದು ಪ್ರಶ್ನೆ, ಒಂದರ ಹಿಂದೊಂದು ಉತ್ತರ. ನನ್ನ ಧ್ವನಿ ನನಗೇ ಹೊಸದಾಗಿ ಕೇಳುತ್ತಿತ್ತು.

ಆಗ ಅಟೆಂಡರ್ ಚಹಾದ ಟ್ರೇ ಹಿಡಿದು ಬಾಗಿಲಿನಲ್ಲಿ ಕಾಣಿಸಿದ. ಗೋಡೆ ನೋಡಿದವನೇ ನಿಂತುಬಿಟ್ಟ. ಅವನು ಅಷ್ಟು ಉಜ್ಜಿದ ಗೋಡೆಯ ಮೇಲೆ, ಎಕ್ಸ್‌ಟರ್ನಲ್ ಕಣ್ಣೆದುರಿಗೇ, ಬೆಳಕು ಬಿಟ್ಟು ತೋರಿಸಿದ ಹಾಗೆ ಎರಡು ಕಲೆ! ಟ್ರೇ ಕೆಳಗಿಟ್ಟು, ಹೆಗಲ ಮೇಲಿನ ಒದ್ದೆ ಬಟ್ಟೆ ತೆಗೆದು, ನಾವು ಬಾಯಿ ಬಿಡುವ ಮೊದಲೇ ಗೋಡೆಗೆ ಹೋಗಿ ಉಜ್ಜಲು ಶುರು ಮಾಡಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಹೋಗಲಿಲ್ಲ. ಆಕಾಶದಲ್ಲಿ ಸೂರ್ಯ ಸರಿದಂತೆ ಗೋಡೆಯ ಮೇಲಿನ ಬಿಂಬವೂ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಅವನೂ ಉಜ್ಜುತ್ತಾ ಸರಿದ. ಬಿಂಬ ಮುಂದೆ ಮುಂದೆ, ಅವನು ಹಿಂದೆ ಹಿಂದೆ.

ಮುಖ್ಯಸ್ಥರು "ಏಯ್, ಬಿಡೋ!" ಎಂದು ಕಿರುಚಿದರು.

"ಬಿಡ್ತೀನಿ ಸಾರ್, ಇದು ನಿಂತ್ರೆ ತಾನೆ! ಬೆಳಿಗ್ಗೆ ಇರ್ಲಿಲ್ಲ ಸಾರ್, ದೇವರಾಣೆ! ಗೋಡೆ ಎಲ್ಲಾ ಕ್ಲೀನಾಗಿದೆ, ಕಲೆ ಮಾತ್ರ ಬೆಳಕಿನ ಜೊತೆಗೇ ಹೋಗ್ತಿದೆ!"

ಆಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿದೆ. ಪರೀಕ್ಷಕರು ಆ ಮಾತಿನ ಅರ್ಥ ಏನೆಂದು ಗೈಡ್ ಸರ್ ಅವರನ್ನು ಕೇಳಿದರು. ಗೈಡ್ ಸರ್ ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಪರೀಕ್ಷಕರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನನ್ನ ಹತ್ತಿರ ಒಂದೇ ಪ್ರಶ್ನೆ ಉಳಿದಿತ್ತು. ಈ ಕಲೆ ನಿಮ್ಮ ಗೋಡೆಯದ್ದಲ್ಲ, ಸೂರ್ಯನದ್ದೇ ಎಂದು ಹೇಗೆ ಸಾಬೀತು ಮಾಡುತ್ತೀರಿ ಎಂದು ಕೇಳಬೇಕಿತ್ತು. ನಿಮ್ಮ ಅಟೆಂಡರ್ ಪ್ರಯೋಗ ಮಾಡಿಯೇ ತೋರಿಸಿದರು" ಎಂದು ಎದ್ದು ನಿಂತು ನನ್ನ ಕಡೆ ಕೈ ಚಾಚಿದರು. "ಅಭಿನಂದನೆ, ಡಾಕ್ಟರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಟೆಂಡರ್ ಮಾತ್ರ ಒದ್ದೆ ಬಟ್ಟೆ ಹಿಡಿದು ಮೂಲೆಯಲ್ಲಿ ನಿಂತೇ ಇದ್ದ. ಜನ ಚದುರಿದ ಮೇಲೆ ಹತ್ತಿರ ಬಂದು, ಜೇಬಿನಿಂದ ಒಂದು ಚೀಟಿ, ಪೆನ್ನು ತೆಗೆದು ಮುಂದೆ ಹಿಡಿದ.

"ಮೇಡಂ, ನಿಮ್ದು ಪಾಸಾಯ್ತು, ಸಂತೋಷ. ನನ್ ಮೆಮೊ ಗತಿ ಏನು? ಒಂದ್ ನಾಲ್ಕಕ್ಷರ ಬರೆದು ಕೊಡಿ."

ಬರೆದುಕೊಟ್ಟೆ: "ಗೋಡೆಯ ಮೇಲೆ ಕಂಡ ಕಲೆಗಳು ಸೂರ್ಯನವು. ಅಟೆಂಡರ್ ಅವರ ತಪ್ಪೇನೂ ಇಲ್ಲ." ಅವನು ಓದಿ ನೋಡಿ, "ಬರೀ ಹೆಸರು ಬರೆದ್ರೆ ಯಾರ್ ನಂಬ್ತಾರೆ? ಈಗ ಆಗಿದೀರಲ್ಲ, ಅದನ್ನೂ ಹಾಕಿ" ಎಂದ. ಹೆಸರಿಗೆ 'ಡಾ.' ಸೇರಿಸಿ ನಾನು ಮಾಡಿದ ಮೊಟ್ಟಮೊದಲ ಸಹಿ ಅದು.